ವಲಸಿಗರ ಗುರುತಿನ ಸಂಖ್ಯೆ ಬೆಳೆದು ಬಂದ ಬಗೆ

ಬೇರೆ ದೇಶದ ಪ್ರಜೆಯೊಬ್ಬರು ನೆಲೆಸಲು ಅಥವಾ ಭೇಟಿಗೆ ಬಂದಾಗ ಅಲ್ಲಿನ ಸರ್ಕಾರ ಅವರ ಹೆಸರಿನಲ್ಲಿ ತೆರೆಯುವ ದಾಖಲೆಗೆ ಕೊಡುವ ಸಂಖ್ಯೆಯೇ ವಲಸೆ ಗುರುತಿನ ಸಂಖ್ಯೆ. ಇದೂ ಪಾಸ್‌ಪೋರ್ಟ್ ಸಂಖ್ಯೆಯೂ ಒಂದೇ ಅಲ್ಲ. ಪಾಸ್‌ಪೋರ್ಟ್ ಕೊಡುವುದು ತಾಯ್ನಾಡು; ಪುಸ್ತಕ ಹೊಸದಾದರೆ ಅದರ ಸಂಖ್ಯೆಯೂ ಹೊಸದಾಗುತ್ತದೆ. ಹೆಸರನ್ನು ನೆಚ್ಚಿಕೊಳ್ಳೋಣವೆಂದರೆ, ಒಂದೇ ಹೆಸರು ಇಂಗ್ಲಿಷಿನಲ್ಲಿ ನಾಲ್ಕು ಕಾಗುಣಿತ ಪಡೆಯುತ್ತದೆ. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಇನಿಷಿಯಲ್ ಮಾಡಿಕೊಳ್ಳುವ ಕನ್ನಡಿಗರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಉಪನಾಮದ ಜಾಗಕ್ಕೆ ಸರಿಯುತ್ತದೆ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸೂಚನೆ ಅದು. ಹೆಸರು ಹೀಗೆ ಕೈಕೊಟ್ಟಾಗಲೂ ಇವರು ಇವರೇ ಎಂದು ಹೇಳಬಲ್ಲದ್ದು ಸಂಖ್ಯೆ ಮಾತ್ರ.

ಈ ಪದ್ಧತಿಯ ಬೇರು ಇರುವುದು ಸೌಲಭ್ಯದಲ್ಲಲ್ಲ, ಯುದ್ಧಕಾಲದ ಸಂಶಯದಲ್ಲಿ. ಬ್ರಿಟನ್ 1914ರ ಆಗಸ್ಟ್ 4ರಂದು ಜರ್ಮನಿಯ ಮೇಲೆ ಯುದ್ಧ ಸಾರಿತು; ಮರುದಿನವೇ ವಿದೇಶಿಯರ ನಿರ್ಬಂಧ ಕಾಯ್ದೆ ಬಂತು, ಪೊಲೀಸರಲ್ಲಿ ಹೆಸರು ಬರೆಸುವುದು ಕಡ್ಡಾಯವಾಯಿತು. ಫ್ರಾನ್ಸ್ 1917ರಲ್ಲಿ ವಿದೇಶಿಯರಿಗೆಂದೇ ಗುರುತಿನ ಚೀಟಿ ಜಾರಿಗೆ ತಂದಿತು. ಭಾರತದ ವಿದೇಶಿಯರ ನೋಂದಣಿ ಕಾಯ್ದೆ ಹುಟ್ಟಿದ್ದು 1939ರಲ್ಲಿ, ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ. ಆದರೆ ಆ ಕಾಲದ ದಾಖಲೆಗಳು ಆಯಾ ಠಾಣೆಯ, ಆಯಾ ಜಿಲ್ಲೆಯ ಪುಸ್ತಕಗಳಲ್ಲಿ ಉಳಿಯುತ್ತಿದ್ದವು. ಊರು ಬಿಟ್ಟು ಊರಿಗೆ ಹೋದವರು ಮತ್ತೆ ಮೊದಲಿನಿಂದ ತಮ್ಮ ಕಥೆ ಹೇಳಬೇಕಾಗಿತ್ತು.

ಇಡೀ ದೇಶಕ್ಕೆ ಒಂದೇ ಸಾಲಿನ ಸಂಖ್ಯೆ ಎಂಬ ಯೋಚನೆಯನ್ನು ಭಾರಿ ಪ್ರಮಾಣದಲ್ಲಿ ಕಾರ್ಯಕ್ಕೆ ತಂದದ್ದು ಅಮೆರಿಕ. ಅಧ್ಯಕ್ಷ ರೂಸ್‌ವೆಲ್ಟ್ 1940ರ ಜೂನ್ 28ರಂದು ಸಹಿ ಮಾಡಿದ ವಿದೇಶಿಯರ ನೋಂದಣಿ ಕಾಯ್ದೆ, 14 ವರ್ಷ ತುಂಬಿದ ಪ್ರತಿಯೊಬ್ಬ ವಿದೇಶಿಯೂ ನೋಂದಾಯಿಸಿಕೊಂಡು ಬೆರಳಚ್ಚು ಕೊಡಬೇಕೆಂದಿತು. ಇದಕ್ಕೆ ಆರಿಸಿಕೊಂಡ ಜಾಗ ಪೊಲೀಸ್ ಠಾಣೆಯಲ್ಲ, ಅಂಚೆ ಕಚೇರಿ. ಆಗಸ್ಟ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ, ನಾಲ್ಕೇ ತಿಂಗಳಲ್ಲಿ, ಸುಮಾರು 50 ಲಕ್ಷ ಜನ ಫಾರ್ಮು ತುಂಬಿದರು. ಪ್ರತಿಯೊಂದು ಫಾರ್ಮಿಗೂ ‘ಎ’ ಅಕ್ಷರದಿಂದ ಶುರುವಾಗುವ ಏಳಂಕಿಯ ಸಂಖ್ಯೆ. ಇಂದಿಗೂ ಅಮೆರಿಕದ ವಲಸಿಗರು ‘ಎ-ನಂಬರ್’ ಎನ್ನುವುದು ಇದರ ಮುಂದುವರಿಕೆಯನ್ನೇ.

ನಿಜವಾದ ತಿರುವು 1944ರ ಏಪ್ರಿಲ್‌ನಲ್ಲಿ ಬಂತು. ಅಲ್ಲಿಯವರೆಗೆ ಹಡಗಿನಿಂದ ಇಳಿದ ದಾಖಲೆ, ವೀಸಾ, ಪೌರತ್ವದ ಅರ್ಜಿ ಎಲ್ಲವೂ ಬೇರೆ ಬೇರೆ ಕಪಾಟಿನಲ್ಲಿದ್ದವು. ಆಮೇಲೆ ಒಬ್ಬ ವ್ಯಕ್ತಿಗೆ ಸೇರಿದ ಕಾಗದಗಳೆಲ್ಲ ಎ-ನಂಬರಿನಡಿ ಒಂದೇ ಕಡತಕ್ಕೆ ಬರತೊಡಗಿದವು. ನೋಂದಣಿಯ ಕ್ರಮಸಂಖ್ಯೆ ಆ ಹೊತ್ತಿಗೆ ಮನುಷ್ಯನ ಸಂಖ್ಯೆಯಾಯಿತು. ಕಾಲಕ್ರಮದಲ್ಲಿ ಅದು ಎಂಟಂಕಿಗೆ, ಒಂಬತ್ತಂಕಿಗೆ ಬೆಳೆಯಿತು. ಹಳೆಯ ಚಿಕ್ಕ ಸಂಖ್ಯೆ ಇರುವವರು ಇಂದಿನ ಅರ್ಜಿಗಳಲ್ಲಿ ಮುಂದೆ ಸೊನ್ನೆ ಸೇರಿಸಿ ಬರೆಯುತ್ತಾರೆ. ಈ ಕಡತಗಳನ್ನು ಶಾಶ್ವತ ದಾಖಲೆಗಳಾಗಿ ಕಾಪಾಡಲು 2009ರಲ್ಲಿ ಒಪ್ಪಂದವಾಗಿದೆ. ವ್ಯಕ್ತಿ ಹುಟ್ಟಿ ನೂರು ವರ್ಷ ಕಳೆದ ಮೇಲೆ ಕಡತ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುತ್ತದೆ. ಸಂಶಯದಿಂದ ಶುರುವಾದ ದಾಖಲೆ ಇಂದು ಎಷ್ಟೋ ಕುಟುಂಬಗಳಿಗೆ ತಮ್ಮ ಹಿರಿಯರ ಚರಿತ್ರೆಯಾಗಿದೆ.

ಅಮೆರಿಕಕ್ಕೆ ಹೋದ ಎಲ್ಲರಿಗೂ ಎ-ನಂಬರ್ ಸಿಗುವುದಿಲ್ಲ, ಮತ್ತು ಬೆಂಗಳೂರಿನಿಂದ ಹೊಸದಾಗಿ ಹೋದವರು ಎಡವುವುದು ಇಲ್ಲಿಯೇ. ಗ್ರೀನ್ ಕಾರ್ಡ್ ಪಡೆದವರಿಗೆ ಅದು ಇರುತ್ತದೆ. ಮಗನ ಮನೆಗೆಂದು ಆರು ತಿಂಗಳ ಮಟ್ಟಿಗೆ ಹೋದ ತಂದೆತಾಯಿಗೆ ಸಾಮಾನ್ಯವಾಗಿ ಇರುವುದಿಲ್ಲ. ಅವರಿಗೆ ಸಿಗುವುದು ಐ-94 ಎಂಬ ಆಗಮನ ದಾಖಲೆಯ ಹನ್ನೊಂದು ಸ್ಥಾನದ ಸಂಖ್ಯೆ. ಅದು ಪ್ರತಿ ಪ್ರವೇಶಕ್ಕೂ ಹೊಸದು. ವಿಮಾನದಲ್ಲಿ ತುಂಬಿಕೊಡುತ್ತಿದ್ದ ಅದರ ಕಾಗದದ ಚೀಟಿ 2013ರಲ್ಲಿ ನಿಂತು ದಾಖಲೆ ಕಂಪ್ಯೂಟರಿಗೆ ಹೋಯಿತು. 2019ರಿಂದ ಹತ್ತನೆಯ ಸ್ಥಾನದಲ್ಲಿ ಅಂಕಿಯ ಬದಲು ಅಕ್ಷರ ಬರುತ್ತಿದೆ. ಎಷ್ಟು ದಿನ ಇರಬಹುದು ಎಂಬುದನ್ನು ನಿರ್ಧರಿಸುವುದು ವೀಸಾದ ಮೇಲಿನ ಕೊನೆಯ ದಿನಾಂಕವಲ್ಲ, ಈ ಐ-94ರಲ್ಲಿರುವ ದಿನಾಂಕ. ಇದನ್ನು ತಿಳಿಯದೆ ಅವಧಿ ಮೀರಿ ಉಳಿದರೆ ಮುಂದಿನ ವೀಸಾಕ್ಕೇ ಕುತ್ತು. ವಿದ್ಯಾರ್ಥಿಗಳಿಗೆ ‘ಎನ್’ ಅಕ್ಷರದಿಂದ ಶುರುವಾಗುವ, ಸೆವಿಸ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯ ಸಂಖ್ಯೆ ಬೇರೆ. ಸಲ್ಲಿಸಿದ ಪ್ರತಿ ಅರ್ಜಿಗೂ ಮೂರಕ್ಷರ, ಹತ್ತಂಕಿಯ ರಸೀದಿ ಸಂಖ್ಯೆ ಇನ್ನೂ ಬೇರೆ. ಅದು ಅರ್ಜಿಯ ಗುರುತೇ ಹೊರತು ಅರ್ಜಿದಾರರದಲ್ಲ.

ಯುರೋಪಿನ ಹಲವು ದೇಶಗಳು ಇನ್ನೊಂದು ದಾರಿ ಹಿಡಿದವು. ಅಲ್ಲಿ ಪ್ರಜೆಗಳಿಗೇ ಜನ್ಮಸಂಖ್ಯೆ ಇದ್ದುದರಿಂದ ವಿದೇಶಿಯರನ್ನು ಅದೇ ಅಚ್ಚಿನೊಳಗೆ ಹೊಂದಿಸಬೇಕಿತ್ತು. ಸ್ವೀಡನ್ 1947ರಲ್ಲಿ ಜನ್ಮದಿನಾಂಕ ಆಧರಿಸಿದ ಸಂಖ್ಯೆ ತಂದಿತು. ಅಲ್ಲಿ ನೆಲೆಸಿದವರೆಂದು ನೋಂದಣಿಯಾಗದವರಿಗೆ 2000ದಿಂದ ಕೊಡುವ ಸಂಖ್ಯೆಯಲ್ಲಿ ಹುಟ್ಟಿದ ದಿನಕ್ಕೆ 60 ಕೂಡಿಸಲಾಗುತ್ತದೆ. 15ನೇ ತಾರೀಕು ಹುಟ್ಟಿದವರದು 75 ಆಗುತ್ತದೆ. ನಾರ್ವೆಯಲ್ಲಿ ಇದೇ ಕೆಲಸಕ್ಕೆ ಮೊದಲ ಅಂಕಿಗೆ 4 ಕೂಡಿಸುತ್ತಾರೆ. ಸ್ಪೇನ್ ವಿದೇಶಿಯರಿಗೆ ಕೊಡುವ ‘ಎನ್‌ಐಇ’ ಇನ್ನೂ ಸೊಗಸಾಗಿದೆ: ಎಕ್ಸ್, ವೈ, ಝಡ್ ಇವುಗಳಲ್ಲೊಂದು ಅಕ್ಷರ, ಏಳು ಅಂಕಿ, ಕೊನೆಗೆ ಪರಿಶೀಲನೆಯ ಅಕ್ಷರ. ಮೊದಲ ಅಕ್ಷರವನ್ನು ಕ್ರಮವಾಗಿ 0, 1, 2 ಎಂದು ಓದಿಕೊಂಡು, ಬರುವ ಸಂಖ್ಯೆಯನ್ನು 23ರಿಂದ ಭಾಗಿಸಿದಾಗ ಉಳಿಯುವ ಶೇಷಕ್ಕೆ ತಕ್ಕಂತೆ ಕೊನೆಯ ಅಕ್ಷರ ಗೊತ್ತಾಗುತ್ತದೆ. ಎಕ್ಸ್ 1234567 ಎಂಬುದಕ್ಕೆ ಶೇಷ 19, ಅಕ್ಷರ ‘ಎಲ್’. ಗುಮಾಸ್ತರು ಒಂದಂಕಿ ತಪ್ಪಿದರೂ, ಅಕ್ಕಪಕ್ಕದ ಅಂಕಿಗಳನ್ನು ಅದಲುಬದಲು ಬರೆದರೂ ಅಕ್ಷರ ತಾಳೆಯಾಗುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕಾರ್ಡು ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ.

ಏಷ್ಯಾದಲ್ಲಿ ಅಂಕಿಗಳು ಹೆಚ್ಚು ಮಾತಾಡುತ್ತವೆ. ಸಿಂಗಪುರದಲ್ಲಿ ವಿದೇಶಿಯರ ಸಂಖ್ಯೆಯ ಮೊದಲ ಅಕ್ಷರ ಎಫ್, ಜಿ, ಅಥವಾ 2022ರಿಂದ ಎಂ; ಪ್ರಜೆಗಳದೂ ಕಾಯಂ ನಿವಾಸಿಗಳದೂ ಎಸ್ ಅಥವಾ ಟಿ. ದಕ್ಷಿಣ ಕೊರಿಯಾದ ಹದಿಮೂರು ಅಂಕಿಗಳಲ್ಲಿ ಏಳನೆಯದು 5ರಿಂದ 8ರ ನಡುವೆ ಇದ್ದರೆ ಆ ವ್ಯಕ್ತಿ ವಿದೇಶಿ. ಸೌದಿ ಅರೇಬಿಯಾದಲ್ಲಿ ಪ್ರಜೆಯ ಸಂಖ್ಯೆ 1ರಿಂದ, ಇಕಾಮಾ ಎಂಬ ನಿವಾಸ ಪರವಾನಗಿ ಪಡೆದ ಕೆಲಸಗಾರರ ಸಂಖ್ಯೆ 2ರಿಂದ ಶುರು. ಕತಾರಿನ ಹನ್ನೊಂದು ಅಂಕಿಗಳಲ್ಲಿ ಹುಟ್ಟಿದ ವರ್ಷದ ಜೊತೆಗೆ ದೇಶದ ಸಂಕೇತವೂ ಸೇರಿರುತ್ತದೆ. ದೋಹಾದಲ್ಲಿ ದುಡಿಯುವ ಭಟ್ಕಳ, ಉಡುಪಿ, ಮಂಗಳೂರಿನವರ ಸಂಖ್ಯೆಯ ನಡುವೆ ಕಾಣುವ 356 ಭಾರತದ ಅಂತರರಾಷ್ಟ್ರೀಯ ಸಂಕೇತ. ಬ್ಯಾಂಕಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಸಂಖ್ಯೆ ಹೇಳುತ್ತಲೇ ಯಾವ ದೇಶದವರೆಂಬುದೂ ಹೊರಬೀಳುತ್ತದೆ. ಗುರುತಿಗೆ ಬೇಕಾದದ್ದಕ್ಕಿಂತ ಹೆಚ್ಚನ್ನು ಹೇಳುವ ಇಂಥ ರಚನೆ ಒಳ್ಳೆಯದಲ್ಲ. ಸಂಯುಕ್ತ ಅರಬ್ ಸಂಸ್ಥಾನದ ಎಮಿರೇಟ್ಸ್ ಐಡಿ ಈ ವಿಷಯದಲ್ಲಿ ಮೇಲು. ಅದರ ಹದಿನೈದು ಅಂಕಿಗಳು ಆ ದೇಶದ್ದೇ ಸಂಕೇತವಾದ 784ರಿಂದ ತೊಡಗುತ್ತವೆ, ಆಮೇಲೆ ಹುಟ್ಟಿದ ವರ್ಷ. ಪ್ರಜೆಗೂ ಪರದೇಶಿಗೂ ರಚನೆ ಒಂದೇ. ಪಾಸ್‌ಪೋರ್ಟಿನಲ್ಲಿ ಅಂಟಿಸುತ್ತಿದ್ದ ನಿವಾಸ ವೀಸಾವನ್ನು 2022ರಲ್ಲಿ ಕೈಬಿಟ್ಟ ಮೇಲೆ ಈ ಕಾರ್ಡೇ ನಿವಾಸದ ಪುರಾವೆ.

ನೋಂದಣಿ ಎಷ್ಟು ನೋಯಿಸಬಲ್ಲದು ಎಂಬುದಕ್ಕೆ ಜಪಾನಿನ ಅನುಭವ ಸಾಕ್ಷಿ. 1952ರ ವಿದೇಶಿಯರ ನೋಂದಣಿ ಕಾನೂನಿನಡಿ ಬೆರಳಚ್ಚು ಪಡೆಯುವುದು 1955ರಲ್ಲಿ ಶುರುವಾಯಿತು. ಅದರ ಭಾರ ಬಿದ್ದದ್ದು ಹೆಚ್ಚಾಗಿ ಕೊರಿಯಾ ಮೂಲದವರ ಮೇಲೆ. ಜಪಾನಿನಲ್ಲೇ ಹುಟ್ಟಿ, ಜಪಾನೀ ಭಾಷೆಯನ್ನೇ ಆಡಿ ಬೆಳೆದ ಮಕ್ಕಳೂ ವಯಸ್ಸಿಗೆ ಬರುತ್ತಲೇ ಅಪರಾಧಿಗಳಂತೆ ಬೆರಳೊತ್ತಬೇಕಿತ್ತು. 1980ರ ದಶಕದಲ್ಲಿ ಸಾವಿರಾರು ಜನ ನಿರಾಕರಿಸಿದರು; ಕೆಲವರು ಬಂಧನಕ್ಕೂ ಒಳಗಾದರು. ಕಾಯಂ ನಿವಾಸಿಗಳಿಗೆ 1993ರಲ್ಲಿ ವಿನಾಯಿತಿ ಸಿಕ್ಕಿತು, 2000ದಲ್ಲಿ ನೋಂದಣಿಯ ಬೆರಳಚ್ಚು ಪೂರ್ತಿ ರದ್ದಾಯಿತು. ಏಳು ವರ್ಷದ ಬಳಿಕ ಅದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮರಳಿತು, ಆದರೆ ಆ ಹಳೆಯ ಕೊರಿಯನ್ ಕುಟುಂಬಗಳನ್ನು ಹೊರಗಿಟ್ಟಿತು. 2012ರ ಜುಲೈನಲ್ಲಿ ಬಂದ ನಿವಾಸ ಕಾರ್ಡಿನ ಸಂಖ್ಯೆ ಕಾರ್ಡು ಹೊಸದಾದಾಗಲೆಲ್ಲ ಬದಲಾಗುತ್ತದೆ. ನಿಲ್ಲುವ ಸಂಖ್ಯೆಯೆಂದರೆ 2015ರಿಂದ ಪ್ರಜೆಗಳಿಗೂ ವಿದೇಶಿ ನಿವಾಸಿಗಳಿಗೂ ಸಮಾನವಾಗಿ ಕೊಡುತ್ತಿರುವ ಹನ್ನೆರಡಂಕಿಯ ‘ಮೈ ನಂಬರ್’.

ಯುರೋಪಿನಲ್ಲಿ ಇದೇ ಪ್ರಶ್ನೆ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಜರ್ಮನಿ 1953ರಿಂದ ವಿದೇಶಿಯರ ಕೇಂದ್ರ ದಾಖಲೆ ಇಟ್ಟಿದೆ. ಅಲ್ಲಿ ನೆಲೆಸಿದ್ದ ಆಸ್ಟ್ರಿಯಾದ ಪ್ರಜೆಯೊಬ್ಬರು ತಮ್ಮ ವಿವರ ಅಳಿಸುವಂತೆ ಕೋರಿದ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯ 2008ರ ಡಿಸೆಂಬರಿನಲ್ಲಿ ತೀರ್ಪಿತ್ತಿತು: ನಿವಾಸದ ಕಾನೂನು ಜಾರಿಗೆ ಬೇಕಾದಷ್ಟನ್ನೇ ಇಟ್ಟುಕೊಳ್ಳಬಹುದು, ಅಪರಾಧ ತಡೆಗೆಂದು ಯುರೋಪಿಯನ್ ಒಕ್ಕೂಟದ ಇತರ ದೇಶಗಳವರ ವಿವರವನ್ನಷ್ಟೇ ಕೂಡಿಡುವುದು ತಾರತಮ್ಯ.

ಭಾರತದಲ್ಲಿ 180 ದಿನ ಮೀರಿದ ವೀಸಾದಲ್ಲಿ ಬರುವವರು ಸಾಮಾನ್ಯವಾಗಿ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ದಾಖಲಾಗಬೇಕು. ಸಾಲಿನಲ್ಲಿ ನಿಂತು ಮಾಡಿಸುತ್ತಿದ್ದ ಈ ಕೆಲಸ 2018ರಲ್ಲಿ ಇ-ಎಫ್‌ಆರ್‌ಆರ್‌ಒ ಮೂಲಕ ಆನ್‌ಲೈನ್ ಆಯಿತು; ಬೆಂಗಳೂರಿನ ಕಂಪನಿಗಳಿಗೂ ಕಾಲೇಜುಗಳಿಗೂ ಅದು ದೊಡ್ಡ ಅನುಕೂಲ. ಬೈಲುಕುಪ್ಪೆ, ಮುಂಡಗೋಡಿನ ಟಿಬೆಟನ್ನರು ಇಟ್ಟುಕೊಳ್ಳುವ ನೋಂದಣಿ ಪತ್ರವೂ ಇದೇ ವ್ಯವಸ್ಥೆಯ ಭಾಗ. ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸಿಸಿದ ವಿದೇಶಿಯರು ಆಧಾರ್ ಪಡೆಯಬಹುದು, ಆದರೆ ಅದು ಪೌರತ್ವದ ಪುರಾವೆಯಲ್ಲ. 1939ರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾನೂನುಗಳ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ಸಂಖ್ಯೆಯ ದುರ್ಬಳಕೆ ತಡೆಯುವ ನಿಯಮಗಳು ತಡವಾಗಿ ಬಂದವು. ಕಾನೂನು ಕಡ್ಡಾಯ ಮಾಡದ ಹೊರತು ಖಾಸಗಿ ಸಂಸ್ಥೆಗಳು ಸಾಮಾನ್ಯವಾಗಿ ಗುರುತಿನ ಸಂಖ್ಯೆ ಕೇಳಬಾರದೆಂದು ಸಿಂಗಪುರ 2019ರ ಸೆಪ್ಟೆಂಬರಿನಲ್ಲಿ ನಿರ್ಬಂಧಿಸಿತು. ಬ್ರಿಟನ್ 2024ರ ಕೊನೆಗೆ ಪ್ಲಾಸ್ಟಿಕ್ ನಿವಾಸ ಕಾರ್ಡುಗಳನ್ನು ಬಿಟ್ಟು ಇ-ವೀಸಾಕ್ಕೆ ಹೊರಳಿದೆ. ಕಾರ್ಡು ಇಲ್ಲವಾದಂತೆ ಸಂಖ್ಯೆಯ ಬೆಲೆ ಏರುತ್ತದೆ. ಹೊರದೇಶದಲ್ಲಿ ಇದ್ದು ಬಂದವರು ಅಲ್ಲಿ ಸಿಕ್ಕ ಸಂಖ್ಯೆಗಳನ್ನು, ಯಾವುದು ಯಾವುದರದ್ದೆಂದು ಬರೆದು, ಮರಳಿದ ಮೇಲೂ ಜೋಪಾನವಾಗಿಟ್ಟುಕೊಳ್ಳಬೇಕು. ಮತ್ತೆ ಅರ್ಜಿ ಹಾಕುವಾಗ ಹಳೆಯ ಸಂಖ್ಯೆಯನ್ನೇ ಮೊದಲು ಕೇಳುತ್ತಾರೆ.