ಗೋಡೆ ಮೇಲಿದ್ದ ತಾಯಿಯ ಹೆಸರೇನು?

ಮ್ಯೂಸಿಯಂ ಅಂದರೆ ನಮಗೆ ನೆನಪಾಗುವುದು ಕತ್ತಿ, ಗುರಾಣಿ, ಮೂಗು ಮುರಿದ ವಿಗ್ರಹ. ಅಂಥ ಕಡೆ ಕೂಲಿಯವರ ಮುಖಕ್ಕೂ ಜಾಗ ಸಿಕ್ಕ ಕಥೆ ಇದು.

1955ರ ಜನವರಿಯಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 'ದಿ ಫ್ಯಾಮಿಲಿ ಆಫ್ ಮ್ಯಾನ್' ಎಂಬ ಫೋಟೋ ಪ್ರದರ್ಶನ ಶುರುವಾಯಿತು. ಎಡ್ವರ್ಡ್ ಸ್ಟೈಕನ್ ಎಂಬ ಹಿರಿಯ ಫೋಟೋಗ್ರಾಫರ್ 68 ದೇಶಗಳಿಂದ 503 ಫೋಟೋ ಆರಿಸಿದ್ದರು. ಹೆಚ್ಚಿನವು ಸಾಮಾನ್ಯ ಜನರವೇ. ದುಡಿಯುವವರು, ಮಗು ಎತ್ತಿಕೊಂಡವರು, ಸತ್ತವರ ಮುಂದೆ ಅಳುವವರು. ಮುಂದೆ ಅದು ಭಾರತವೂ ಸೇರಿ ಹಲವು ದೇಶ ಸುತ್ತಿತು. 90 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಈಗ ಲಕ್ಸೆಂಬರ್ಗ್ ದೇಶದ ಒಂದು ಕೋಟೆಯಲ್ಲಿ ಕಾಯಂ ಆಗಿದೆ.

ಅದರಲ್ಲೊಂದು ಫೋಟೋವನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು. ಹರಕು ಬಟ್ಟೆಯ ತಾಯಿ, ಕೆನ್ನೆಗೆ ಕೈ, ಎರಡೂ ಹೆಗಲಿಗೆ ಮುಖ ಮುಚ್ಚಿಕೊಂಡ ಮಕ್ಕಳು. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದದ್ದು. ಕೊರೆಯುವ ಚಳಿಗೆ ಬಟಾಣಿ ಬೆಳೆ ಕೆಟ್ಟು, ಬಿಡಿಸಲು ಬಂದಿದ್ದ ಕೂಲಿಗಳಿಗೆ ಕೆಲಸವೂ ಇಲ್ಲ, ಊಟವೂ ಇಲ್ಲ. ಮನೆಯಿಂದ ಗುಳೆ ಹೋದವರಿದ್ದರೆ ಬಿಡಿಸಿ ಹೇಳಬೇಕಿಲ್ಲ. ಲ್ಯಾಂಗ್ ತೆಗೆದ ಫೋಟೋಗಳು ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಸುಮಾರು 9 ಸಾವಿರ ಕಿಲೋ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳೊಂದಿಗೆ ಮುಂದಿನ ಊರಿಗೆ ಹೊರಟುಹೋಗಿದ್ದರು.

ಹಳ್ಳಿ ಸುದ್ದಿ ಬರೆಯುವ ನಮಗೆ ಇದು ಧೈರ್ಯ ಕೊಡುವ ಇತಿಹಾಸವೇ. ಒಂದು ಫೋಟೋ ಲಾರಿಗಟ್ಟಲೆ ಅನ್ನ ತರಿಸಿತಲ್ಲ! ಆದರೆ ನಮ್ಮನ್ನು ಹೆಚ್ಚು ಕಾಡುವುದು ಬೇರೆ. ಲ್ಯಾಂಗ್ ಆಕೆಯ ವಯಸ್ಸು 32 ಎಂದು ತಿಳಿದುಕೊಂಡರು, ಹೆಸರು ಕೇಳಲಿಲ್ಲ. ಇದನ್ನು ಅವರೇ ಮುಂದೆ ಬರೆದಿದ್ದಾರೆ. ಸ್ಟೈಕನ್ ಅವರ ಪ್ರದರ್ಶನದಲ್ಲೂ ಫೋಟೋಗಳ ಪಕ್ಕ ಇದ್ದದ್ದು ತೆಗೆದವರ ಹೆಸರು, ದೇಶ. ಫೋಟೋದಲ್ಲಿದ್ದವರ ಹೆಸರಲ್ಲ. ಎಲ್ಲರೂ ಒಂದೇ ಕುಟುಂಬ ಅನ್ನುವುದು ಚೆಂದ, ಆದರೆ ಮನೆಯವರನ್ನು ನಾವು ಹೆಸರು ಹಿಡಿದು ಕರೆಯುತ್ತೇವೆ.

ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ, ಪತ್ರಕರ್ತರೊಬ್ಬರು ಆಕೆಯನ್ನು ಪತ್ತೆ ಹಚ್ಚಿದಾಗ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೊಕೀ ಬುಡಕಟ್ಟಿನವರು. ಆ ಫೋಟೋದಿಂದ ತಮಗೆ ಒಂದು ಕಾಸೂ ಬಂದಿಲ್ಲ ಎಂಬ ಸಿಟ್ಟು ಅವರಿಗಿತ್ತು. ಲ್ಯಾಂಗ್ ಅವರಿಗೂ ಬಂದಿರಲಿಲ್ಲ ಅನ್ನಿ. ಸರ್ಕಾರಿ ಕೆಲಸದಲ್ಲಿ ತೆಗೆದದ್ದು, ಫೋಟೋ ಸರ್ಕಾರದ್ದೇ. 1983ರಲ್ಲಿ ಫ್ಲಾರೆನ್ಸ್ ಹಾಸಿಗೆ ಹಿಡಿದಾಗ ಮಕ್ಕಳು ಜನರ ಮುಂದೆ ಕೈ ಚಾಚಿದರು. ಗುರುತು ಪರಿಚಯ ಇಲ್ಲದವರು ಕಳಿಸಿದ ಹಣ 35 ಸಾವಿರ ಡಾಲರ್ ದಾಟಿತು. ಅದೇ ವರ್ಷ ಅವರು ತೀರಿಕೊಂಡರು.