ಬೈಬಲಿನ ವೈರುಧ್ಯಗಳು: ಕ್ರೈಸ್ತ ಸಮಾಧಾನದ ಪರಂಪರೆ

ಬೈಬಲಿನ ಒಂದು ಪುಸ್ತಕದ ಮಾತು ಇನ್ನೊಂದರ ಮಾತಿಗೆ ತಾಳೆಯಾಗುವುದಿಲ್ಲ ಎಂಬ ಆಕ್ಷೇಪಕ್ಕೆ ಕ್ರೈಸ್ತ ವಿದ್ವಾಂಸರು ಕಾಲಕಾಲಕ್ಕೆ ಕೊಟ್ಟಿರುವ ಉತ್ತರಗಳು ಒಂದು ದೀರ್ಘ ಪರಂಪರೆಯಾಗಿ ಬೆಳೆದಿವೆ. ಆಕ್ಷೇಪ ಬಹಳ ಹಳೆಯದು. ಯೇಸುವಿನ ಸಮಾಧಿಯ ಬಳಿ ಕಾಣಿಸಿದ ದೇವದೂತರು ಒಬ್ಬರೋ ಇಬ್ಬರೋ ಎಂಬ ಗೊಂದಲವನ್ನು 2ನೆಯ ಶತಮಾನದಲ್ಲೇ ಸೆಲ್ಸಸ್ ಎಂಬ ತತ್ತ್ವಜ್ಞಾನಿ ಎತ್ತಿ ತೋರಿಸಿದ್ದ. ಅವನಿಗೆ ಅಲೆಕ್ಸಾಂಡ್ರಿಯದ ಓರಿಜೆನ್ 3ನೆಯ ಶತಮಾನದಲ್ಲಿ ವಿಸ್ತಾರವಾಗಿ ಉತ್ತರ ಬರೆದ.

ಈ ವ್ಯತ್ಯಾಸಗಳನ್ನು ಅಳಿಸಿಹಾಕುವ ಅವಕಾಶ ಕ್ರೈಸ್ತ ಸಭೆಗೆ ಇತ್ತು. ಸುಮಾರು 170ರಲ್ಲಿ ತಾಟಿಯನ್ ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಕಥನವನ್ನಾಗಿ ಮಾಡಿದ. ‘ದಿಯಾತೆಸ್ಸರಾನ್’ ಎಂಬ ಈ ಕೃತಿ ಸಿರಿಯಾಕ್ ಭಾಷೆಯ ಸಭೆಗಳಲ್ಲಿ ತಲೆಮಾರುಗಳ ಕಾಲ ಓದಲ್ಪಟ್ಟಿತು. ಆದರೆ 5ನೆಯ ಶತಮಾನದಲ್ಲಿ ಸಿರ್‍ಹಸ್‌ನ ಬಿಷಪ್ ಥಿಯೊಡೊರೆಟ್ ತನ್ನ ಪ್ರಾಂತ್ಯದಲ್ಲಿ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ಹಿಂತೆಗೆಸಿ, ನಾಲ್ಕು ಸುವಾರ್ತೆಗಳನ್ನೂ ಬೇರೆ ಬೇರೆಯಾಗಿಯೇ ಇಡಿಸಿದ. ತಾಟಿಯನ್ ಯೇಸುವಿನ ವಂಶಾವಳಿಗಳನ್ನು ಕತ್ತರಿಸಿಹಾಕಿದ್ದಾನೆ ಎಂಬುದು ಥಿಯೊಡೊರೆಟ್‌ನ ದೂರುಗಳಲ್ಲಿ ಒಂದು. ಸುವಾರ್ತೆಗಳ ನಡುವಿನ ಭೇದಗಳನ್ನು ಅರಿತೂ ಸಭೆ ನಾಲ್ಕನ್ನೂ ಉಳಿಸಿಕೊಂಡಿತು ಎಂಬುದನ್ನು ಇಂದಿನ ಟೀಕಾಕಾರರೂ ಸಮರ್ಥಕರೂ ಅನೇಕ ವೇಳೆ ಮರೆಯುತ್ತಾರೆ.

ತಾಟಿಯನ್ ಬಿಟ್ಟ ಆ ವಂಶಾವಳಿಗಳೇ ಅತ್ಯಂತ ಕಠಿಣ ಉದಾಹರಣೆ. ಮತ್ತಾಯನ ಪ್ರಕಾರ ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನ ತಂದೆ ಯಾಕೋಬ, ವಂಶ ದಾವೀದನ ಮಗ ಸೊಲೊಮೋನನದು. ಲೂಕನ ಪ್ರಕಾರ ತಂದೆ ಹೇಲಿ, ವಂಶ ದಾವೀದನ ಇನ್ನೊಬ್ಬ ಮಗ ನಾತಾನನದು. 3ನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ಇದಕ್ಕೆ ಕೊಟ್ಟ ವಿವರಣೆಯನ್ನು ಯೂಸೇಬಿಯಸ್ ತನ್ನ ಸಭಾಚರಿತ್ರೆಯಲ್ಲಿ ಉಳಿಸಿದ್ದಾನೆ. ಯಾಕೋಬ ಮತ್ತು ಹೇಲಿ ಒಂದೇ ತಾಯಿಯ, ಬೇರೆ ತಂದೆಯರ ಮಕ್ಕಳು. ಹೇಲಿ ಮಕ್ಕಳಿಲ್ಲದೆ ಸತ್ತಾಗ ಯಾಕೋಬ ಧರ್ಮೋಪದೇಶಕಾಂಡದ ಮೈದುನ ಧರ್ಮದಂತೆ ಅವನ ವಿಧವೆಯನ್ನು ಮದುವೆಯಾದ. ಹೀಗೆ ಯೋಸೇಫ ಹುಟ್ಟಿನಿಂದ ಯಾಕೋಬನ ಮಗ, ಧರ್ಮಶಾಸ್ತ್ರದ ಲೆಕ್ಕದಲ್ಲಿ ಹೇಲಿಯ ಮಗ. ಇದಕ್ಕೆ ಸಾಕ್ಷ್ಯವಿಲ್ಲ, ಆದರೂ ಇದಕ್ಕಿಂತ ಉತ್ತಮ ವಿವರಣೆ ಸಿಕ್ಕಿಲ್ಲ ಎಂದು ಆಫ್ರಿಕಾನಸ್ ತಾನೇ ಬರೆದ. ಈ ಪ್ರಾಮಾಣಿಕತೆ ಮುಂದಿನ ಅನೇಕರಲ್ಲಿ ಇರಲಿಲ್ಲ. ಲೂಕನ ಪಟ್ಟಿ ಮರಿಯಳ ವಂಶದ್ದೆಂಬ ಇನ್ನೊಂದು ಉತ್ತರವೂ ಜನಪ್ರಿಯ. ಆದರೆ ಲೂಕ ಮರಿಯಳ ಹೆಸರನ್ನು ಅಲ್ಲಿ ಎತ್ತುವುದಿಲ್ಲ.

ಮತ್ತಾಯನ ಪಟ್ಟಿಯನ್ನು ಗಮನವಿಟ್ಟು ಓದಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಅವನು ಹದಿನಾಲ್ಕು ತಲೆಗಳ ಮೂರು ಗುಂಪು ಮಾಡುತ್ತಾನೆ. ಅದಕ್ಕಾಗಿ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನು ಬಿಡುತ್ತಾನೆ. ಹೀಬ್ರೂ ಅಕ್ಷರಗಳ ಬೆಲೆಯಲ್ಲಿ ದಾವೀದನ ಹೆಸರಿನ ಮೊತ್ತವೂ ಹದಿನಾಲ್ಕೇ. ಯೇಸು ದಾವೀದನ ಸಿಂಹಾಸನದ ವಾರಸುದಾರ ಎಂದು ಸಾರುವುದು ಮತ್ತಾಯನ ಉದ್ದೇಶ. ಆ ಕಾಲದ ಓದುಗರಿಗೆ ತಿಳಿದಿದ್ದ ಈ ಬರಹದ ರೀತಿಯನ್ನು ಬದಿಗಿಟ್ಟು, ಜನನ ದಾಖಲೆ ನೋಡಿದಂತೆ ಅದನ್ನು ನೋಡುವುದು ನ್ಯಾಯವಲ್ಲ.

ಉತ್ತರ ಕೊಡುವ ವಿಧಾನಕ್ಕೆ ಗಟ್ಟಿಯಾದ ಚೌಕಟ್ಟು ಕೊಟ್ಟವನು ಹಿಪ್ಪೋದ ಅಗಸ್ಟೀನ್. ಸುಮಾರು 400ರಲ್ಲಿ ಸುವಾರ್ತೆಗಳ ಒಮ್ಮತದ ಬಗ್ಗೆ ಒಂದು ಗ್ರಂಥವನ್ನೇ ಬರೆದ ಅವನು, ಜೆರೋಮ್‌ಗೆ ಬರೆದ ಪತ್ರದಲ್ಲಿ ಮೂರು ಸಾಧ್ಯತೆ ಹೇಳುತ್ತಾನೆ: ಧರ್ಮಗ್ರಂಥದಲ್ಲಿ ಸತ್ಯಕ್ಕೆ ವಿರುದ್ಧವಾದುದು ಕಂಡರೆ ಪ್ರತಿ ತಪ್ಪಿರಬೇಕು, ಅನುವಾದಕ ಎಡವಿರಬೇಕು, ಇಲ್ಲವೇ ತನಗೇ ಅರ್ಥವಾಗಿಲ್ಲ.

ಪ್ರತಿಕಾರರ ತಪ್ಪಿಗೆ ಸ್ಪಷ್ಟ ನಿದರ್ಶನ ಅರಸ ಅಹಜ್ಯನ ವಯಸ್ಸು. ಪಟ್ಟಕ್ಕೆ ಬಂದಾಗ ಅವನಿಗೆ 22 ವರ್ಷ ಎಂದು 2 ಅರಸುಗಳು 8:26 ಹೇಳಿದರೆ, 2 ಪೂರ್ವಕಾಲವೃತ್ತಾಂತ 22:2ರ ಹೀಬ್ರೂ ಪಾಠ 42 ಎನ್ನುತ್ತದೆ. ಆದರೆ ಅವನ ತಂದೆ ಸತ್ತದ್ದೇ 40ನೆಯ ವಯಸ್ಸಿನಲ್ಲಿ. ಸಿರಿಯಾಕ್ ಅನುವಾದದಲ್ಲೂ ಕೆಲವು ಗ್ರೀಕ್ ಪ್ರತಿಗಳಲ್ಲೂ 22 ಎಂದೇ ಇರುವುದರಿಂದ ವಿವಾದಕ್ಕೆ ಎಡೆ ಕಡಿಮೆ. ಇಸ್ರಾಯೇಲ್ ಮತ್ತು ಯೆಹೂದದ ಅರಸರ ಆಳ್ವಿಕೆಯ ವರ್ಷಗಳ ತೊಡಕು ಇದಕ್ಕಿಂತ ದೊಡ್ಡದು. ಎಡ್ವಿನ್ ಥೀಲ್ 1951ರ ತಮ್ಮ ಗ್ರಂಥದಲ್ಲಿ, ಪಟ್ಟಾಭಿಷೇಕದ ವರ್ಷವನ್ನು ಎಣಿಸುವ ಕ್ರಮ ಎರಡು ರಾಜ್ಯಗಳಲ್ಲಿ ಬೇರೆಯಿದ್ದುದನ್ನೂ ತಂದೆ ಮಗ ಒಟ್ಟಿಗೆ ಆಳಿದ ಕಾಲವನ್ನೂ ಲೆಕ್ಕಕ್ಕೆ ತಂದು ಬಹುಪಾಲು ಅಂಕಿಗಳನ್ನು ಹೊಂದಿಸಿದರು.

ಎಲ್ಲ ಸಮಾಧಾನಗಳೂ ಒಂದೇ ತೂಕದವಲ್ಲ. ಕ್ರಮ ಬೇರೆಯಿದ್ದರೆ ಘಟನೆಯೂ ಬೇರೆ ಎಂದು ಹಟ ಹಿಡಿದ ಆಂಡ್ರಿಯಾಸ್ ಓಸಿಯಾಂಡರ್ 1537ರಲ್ಲಿ ಒಂದೇ ಅದ್ಭುತಕಾರ್ಯವನ್ನು ಹಲವಾಗಿ ಎಣಿಸಿದ. 1976ರಲ್ಲಿ ಹೆರಾಲ್ಡ್ ಲಿಂಡ್ಸೆಲ್ ಪೇತ್ರ ಯೇಸುವನ್ನು ಆರು ಸಲ ನಿರಾಕರಿಸಿರಬಹುದು ಎಂಬ ವಾದವನ್ನು ಮುಂದಿಟ್ಟರು. ನಾಲ್ಕು ಸುವಾರ್ತೆಗಳಲ್ಲಿ ಯಾವುದೂ ಹೇಳದ ಐದನೆಯ ಕಥೆಯನ್ನು ಕಟ್ಟುವ ಇಂಥ ಸಮರ್ಥನೆ ಗ್ರಂಥವನ್ನು ರಕ್ಷಿಸುವುದಿಲ್ಲ, ಅದರ ಮಾತನ್ನೇ ಮುಚ್ಚಿಹಾಕುತ್ತದೆ. ಸುವಾರ್ತಿಕರು ಕಾಲಕ್ರಮಕ್ಕೆ ಅಂಟಿಕೊಂಡಿರಲಿಲ್ಲ ಎಂದು 1555ರಲ್ಲೇ ಒಪ್ಪಿದ ಕ್ಯಾಲ್ವಿನ್‌ನ ದಾರಿ ಹೆಚ್ಚು ಗಟ್ಟಿ. ಯೂದ ಇಸ್ಕರಿಯೋತನು ಉರುಲು ಹಾಕಿಕೊಂಡ ಎನ್ನುವ ಮತ್ತಾಯನನ್ನೂ, ತಲೆಕೆಳಗಾಗಿ ಬಿದ್ದು ಹೊಟ್ಟೆಯೊಡೆದು ಸತ್ತ ಎನ್ನುವ ಅಪೊಸ್ತಲರ ಕೃತ್ಯಗಳನ್ನೂ ‘ಹಗ್ಗ ಕಡಿದು ಬಿದ್ದ’ ಎಂದು ಸೇರಿಸುವುದುಂಟು. ಅದು ಅಸಾಧ್ಯವಲ್ಲ, ಆದರೆ ಹಗ್ಗ ಕಡಿದದ್ದನ್ನು ಯಾರೂ ಬರೆದಿಲ್ಲ.

ಕಥೋಲಿಕ ಸಭೆ 1965ರ ‘ದೇಯಿ ವೆರ್ಬುಮ್’ ಶಾಸನದಲ್ಲಿ ಬರಹದ ಪ್ರಕಾರವನ್ನು ಗಮನಿಸಬೇಕೆಂದು ವಿಧಿಸಿತು. ಬೈಬಲ್ ದೋಷರಹಿತ ಎಂದು ಸಾರಿದ 1978ರ ಷಿಕಾಗೋ ಪ್ರೊಟೆಸ್ಟೆಂಟ್ ಹೇಳಿಕೆ ಕೂಡ ದುಂಡು ಸಂಖ್ಯೆ, ವಿಷಯಾನುಸಾರ ಜೋಡಣೆ, ಸಡಿಲ ಉಲ್ಲೇಖಗಳನ್ನು ದೋಷವೆಂದು ಎಣಿಸಬಾರದು ಎಂದಿತು. ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದೇ ಘಟನೆಯನ್ನು ತನ್ನ ಬೇರೆ ಬೇರೆ ಜೀವನಚರಿತ್ರೆಗಳಲ್ಲಿ ಬೇರೆ ರೀತಿ ಹೇಳುವುದನ್ನು ಮೈಕಲ್ ಲಿಕೋನ 2017ರಲ್ಲಿ ಸುವಾರ್ತೆಗಳ ಪಕ್ಕದಲ್ಲಿಟ್ಟು ತೋರಿಸಿದರು.

ಇಷ್ಟಾದರೂ ಬಗೆಹರಿಯದವು ಇವೆ. ಯೇಸು ಹುಟ್ಟಿದ್ದು ಅರಸ ಹೆರೋದನ ಕಾಲದಲ್ಲಿ; ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನವರ ಮತ. ಆದರೆ ಯೇಸುವಿನ ಜನನದ ಜೊತೆ ಲೂಕ ಹೇಳುವ, ಸಿರಿಯದ ಅಧಿಪತಿ ಕುರೇನ್ಯನ ಜನಗಣತಿಯನ್ನು ಯೆಹೂದಿ ಇತಿಹಾಸಕಾರ ಜೋಸೆಫಸ್ ಕ್ರಿ.ಶ. 6ಕ್ಕೆ ಹೊಂದುವಂತೆ ಇಡುತ್ತಾನೆ. ಕುರೇನ್ಯನಿಗೆ ಹಿಂದೊಂದು ಅಧಿಕಾರಾವಧಿ ಇತ್ತು, ಲೂಕನ ವಾಕ್ಯವನ್ನು ‘ಕುರೇನ್ಯನ ಗಣತಿಗೆ ಮುಂಚೆ’ ಎಂದು ಓದಬಹುದು ಎಂಬ ಉತ್ತರಗಳಲ್ಲಿ ಯಾವುದೂ ಎಲ್ಲರನ್ನೂ ಒಪ್ಪಿಸಿಲ್ಲ. ಅಗಸ್ಟೀನ್ ಹೇಳಿದ ಮೂರನೆಯ ಸಾಧ್ಯತೆಯನ್ನು ಇಲ್ಲಿ ಒಪ್ಪಿಕೊಳ್ಳುವುದೇ ಕ್ರೈಸ್ತ ಓದುಗನಿಗೆ ಯೋಗ್ಯ.