ಅಡುಗೆಮನೆಯಲ್ಲಿ ಎಷ್ಟು ಹೆಜ್ಜೆ?

ಹಾಸನದ ನಮ್ಮ ಮನೆಯ ಅಡುಗೆಮನೆಗೆ ಇಪ್ಪತ್ತೈದು ವರ್ಷ ವಯಸ್ಸು. ಕಡಪಾ ಕಲ್ಲಿನ ಕಟ್ಟೆ, ಬಣ್ಣ ಎದ್ದುಹೋದ ಗೋಡೆ, ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದ ಗೋಡೆ ಬೀರು. ಹೋದ ವರ್ಷ ಅಮ್ಮನಿಗೆ ಬಲಭುಜದ ನೋವು ಜಾಸ್ತಿಯಾದಾಗ "ಮಾಡ್ಯುಲರ್ ಕಿಚನ್ ಮಾಡಿಸಿಬಿಡೋಣಮ್ಮ" ಅಂತ ಜಂಬದಿಂದ ಹೇಳಿದೆ. ಅಳತೆ ತೆಗೆದುಕೊಳ್ಳಲು ಬಂದವರು ಎರಡೂವರೆ ಲಕ್ಷ ಅಂದರು. ನನ್ನ ಹತ್ತಿರ ಇದ್ದದ್ದು ಹನ್ನೆರಡು ಸಾವಿರ. ಸರಿ, ನಾನೇ ಮಾಡ್ತೀನಿ ಅಂದುಕೊಂಡು ಶುರು ಮಾಡುವ ಮೊದಲು ಒಂದಷ್ಟು ಓದಲು ಕೂತೆ. (ಕೆಲಸ ಮುಂದೂಡುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ!)

ಓದುತ್ತಾ ಹೋದಂತೆ ಗೊತ್ತಾಗಿದ್ದು, ಅಡುಗೆಮನೆ ಅನ್ನುವುದಕ್ಕೂ ಒಂದು ಎಂಜಿನಿಯರಿಂಗ್ ಚರಿತ್ರೆ ಇದೆ ಅಂತ. ನಾಲ್ಕು ವರ್ಷದ ಬಿ.ಇ.ಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಫ್ರೆಡರಿಕ್ ಟೇಲರ್ ಹೆಸರು ದೊಡ್ಡದಾಗಿತ್ತು. ಕೆಲಸಗಾರನ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು, ಯಾವ ಚಲನೆ ಬೇಕು, ಯಾವುದು ದಂಡ ಅಂತ ಲೆಕ್ಕ ಹಾಕುವುದು ಅವನ ಪದ್ಧತಿ. ಈ ಲೆಕ್ಕವನ್ನು ಅಡುಗೆಮನೆಗೆ ತಂದವರಲ್ಲಿ ಮುಖ್ಯಳಾದವಳು ಕ್ರಿಸ್ಟೀನ್ ಫ್ರೆಡರಿಕ್ ಎಂಬ ಗೃಹಿಣಿ. 1912ರಲ್ಲಿ 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆಯಲ್ಲಿ ಆಕೆ ಬರೆದ ಲೇಖನಮಾಲೆಯ ತಿರುಳು ಇಷ್ಟೇ: ತಯಾರಿ, ಬೇಯಿಸುವುದು, ಬಡಿಸುವುದು, ತೊಳೆಯುವುದು - ಈ ಕೆಲಸಗಳು ಯಾವ ಕ್ರಮದಲ್ಲಿ ನಡೆಯುತ್ತವೋ ಸಾಮಾನುಗಳೂ ಅದೇ ಕ್ರಮದಲ್ಲಿ ಇರಬೇಕು. ಮೇಜು, ಸಿಂಕುಗಳ ಎತ್ತರ ಅಲ್ಲಿ ನಿಂತು ಕೆಲಸ ಮಾಡುವವಳ ಎತ್ತರಕ್ಕೆ ಹೊಂದಬೇಕು. ಇದಕ್ಕೆ ದುಡ್ಡು ಬೇಕಿಲ್ಲ, ಯೋಚನೆ ಸಾಕು ಅನ್ನಿಸಿತು ನನಗೆ.

ಈ ವಿಚಾರ ಅಟ್ಲಾಂಟಿಕ್ ದಾಟಿ ಜರ್ಮನಿಗೆ ಹೋಯಿತು. ಮೊದಲ ಮಹಾಯುದ್ಧ ಮುಗಿದಿತ್ತು, ಊರುಗಳಲ್ಲಿ ಮನೆಗಳ ಬರ. ಫ್ರಾಂಕ್‌ಫರ್ಟ್ ನಗರ ಎರ್ನ್ಸ್ಟ್ ಮೇ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಕಾರ್ಮಿಕರಿಗಾಗಿ ಸಾವಿರಾರು ಅಗ್ಗದ ಮನೆಗಳನ್ನು ಕಟ್ಟಲು ಹೊರಟಿತು. ಅವುಗಳ ಅಡುಗೆಮನೆಯನ್ನು 1926ರಲ್ಲಿ ವಿನ್ಯಾಸ ಮಾಡಿದವರು ವಿಯೆನ್ನಾದ ಮಾರ್ಗರೆಟೆ ಲಿಹೋಟ್ಸ್ಕಿ (ಮದುವೆಯ ನಂತರ ಶುಟ್ಟೆ-ಲಿಹೋಟ್ಸ್ಕಿ). ಆಗ ಅವರಿಗೆ ವಯಸ್ಸು 29. ನನಗೂ ಹೆಚ್ಚುಕಡಿಮೆ ಅಷ್ಟೇ. ಹೋಲಿಕೆ ಅಲ್ಲಿಗೆ ಮುಗಿಯಿತು ಬಿಡಿ :-)

ಅವರಿಗೆ ಮಾದರಿಯಾಗಿದ್ದು ರೈಲಿನ ಊಟದ ಬೋಗಿಯ ಅಡುಗೆಕೋಣೆ. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟೊಂದು ಜನಕ್ಕೆ ಅಡುಗೆ ಆಗುವುದಾದರೆ ಮನೆಯಲ್ಲಿ ಯಾಕಾಗಬಾರದು? ಕೋಣೆಯ ಅಳತೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಕಿಟಕಿಯ ಕೆಳಗೆ ತರಕಾರಿ ಹೆಚ್ಚುವ ಹಲಗೆ, ಕೂತು ಕೆಲಸ ಮಾಡಲು ತಿರುಗುವ ಸ್ಟೂಲು, ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ, ಅಕ್ಕಿ ಸಕ್ಕರೆಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳ ಸಾಲು. ಹಿಟ್ಟಿನ ಪೆಟ್ಟಿಗೆ ಮಾತ್ರ ಓಕ್ ಮರದ್ದು, ಹುಳ ಬೀಳಬಾರದು ಅಂತ. ಬೀರುಗಳಿಗೆ ನೀಲಿ ಬಣ್ಣ, ನೀಲಿಯ ಮೇಲೆ ನೊಣ ಕೂರುವುದಿಲ್ಲ ಎಂಬ ನಂಬಿಕೆಯಿಂದ. ಇಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ತಯಾರಾದವು. ಅದರ ಖರ್ಚನ್ನು ಬಾಡಿಗೆಯಲ್ಲಿ ಸೇರಿಸಿದ್ದರಿಂದ ಬಡವರಿಗೂ ಎಟುಕಿತು. ಇವತ್ತು ಎರಡೂವರೆ ಲಕ್ಷ ಕೇಳುವ ಮಾಡ್ಯುಲರ್ ಕಿಚನ್ನಿನ ಅಜ್ಜಿ ಕಾರ್ಮಿಕರ ಅಗ್ಗದ ಅಡುಗೆಮನೆ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆದರೆ ದೂರುಗಳೂ ಬಂದವು. ಒಬ್ಬರ ಮೇಲೆ ಇನ್ನೊಬ್ಬರು ಹಿಡಿಸುವುದಿಲ್ಲ, ಊಟದ ಮೇಜಿಗೆ ಜಾಗವಿಲ್ಲ, ಆಡುವ ಮಕ್ಕಳ ಮೇಲೆ ಕಣ್ಣಿಡಲು ಆಗುವುದಿಲ್ಲ. ಹೆಜ್ಜೆ ಉಳಿಯಿತು, ಜೊತೆ ಹೋಯಿತು. ತಮಾಷೆಯೆಂದರೆ, ಆ ವಿನ್ಯಾಸ ಮಾಡುವ ತನಕ ತಾನು ಅಡುಗೆ ಮಾಡಿದವಳೇ ಅಲ್ಲ ಅಂತ ಲಿಹೋಟ್ಸ್ಕಿಯವರೇ ಮುಂದೆ ಹೇಳಿಕೊಂಡರು. ಅಂದಹಾಗೆ ಆಕೆ ಬರೀ ಅಡುಗೆಮನೆಯವರಲ್ಲ. ನಾಜಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡಿ 1941ರಲ್ಲಿ ಸಿಕ್ಕಿಬಿದ್ದು, 1945ರವರೆಗೆ ಜೈಲಿನಲ್ಲಿದ್ದವರು. 2000ದ ಜನವರಿಯಲ್ಲಿ, 103 ತುಂಬಲು ಐದು ದಿನ ಇರುವಾಗ ತೀರಿಕೊಂಡರು.

ಅದೇ ಕಾಲಕ್ಕೆ ಅಮೆರಿಕದಲ್ಲಿ ಲಿಲಿಯನ್ ಗಿಲ್ಬ್ರೆತ್. ಗಂಡ ಫ್ರಾಂಕ್ ಇಟ್ಟಿಗೆ ಕೆಲಸದಿಂದ ಮೇಲೆ ಬಂದ ಎಂಜಿನಿಯರ್. ಇಬ್ಬರೂ ಸೇರಿ ಕಾರ್ಖಾನೆಗಳಲ್ಲಿ ಚಲನೆಯ ಅಧ್ಯಯನ ಮಾಡುತ್ತಿದ್ದರು. 1924ರಲ್ಲಿ ಗಂಡ ಹಠಾತ್ತನೆ ಹೋದ, ಮನೆ ತುಂಬ ಮಕ್ಕಳು. ಈಕೆಗೆ ಡಾಕ್ಟರೇಟ್ ಇತ್ತು, ವರ್ಷಗಳ ಅನುಭವ ಇತ್ತು. ಆದರೂ ಹೆಂಗಸೆಂಬ ಒಂದೇ ಕಾರಣಕ್ಕೆ ಹಲವು ಕಾರ್ಖಾನೆಗಳು ಕೆಲಸ ಕೊಡಲಿಲ್ಲ. ಹಾಗಾಗಿ ಆಕೆ ಅಡುಗೆಮನೆಯ ಕಡೆ ತಿರುಗಿದರು. ಒಲೆ, ತಯಾರಿಯ ಜಾಗ, ಫ್ರಿಜ್ಜು ಕೈಗೆಟುಕುವ ಹಾಗೆ ಜೋಡಿಸಿ ಕೇಕು ಮಾಡಿಸಿ ನೋಡಿದಾಗ 281 ಹೆಜ್ಜೆ ಇದ್ದದ್ದು 45ಕ್ಕೆ ಇಳಿಯಿತು. ನನಗೆ ಇಷ್ಟವಾಗಿದ್ದು ಈ ಅಂಕಿಗಿಂತ ಇನ್ನೊಂದು ಸಂಗತಿ. ಒಲೆ, ಸಿಂಕು ಎಷ್ಟು ಎತ್ತರ ಇರಬೇಕು ಅಂತ ತಿಳಿಯಲು ಆಕೆ ಹೆಂಗಸರನ್ನೇ ಮಾತಾಡಿಸಿದರು. ಅವರಿಗೂ ಅಡುಗೆ ಅಷ್ಟಕ್ಕಷ್ಟೆ, ಆದರೆ ಕೇಳುವುದು ಗೊತ್ತಿತ್ತು.

ನಮ್ಮ ಕಡೆಯ ಕಥೆ ಏನು? ಇಲ್ಲಿ ದೊಡ್ಡ ಸಮಸ್ಯೆ ಹೆಜ್ಜೆಯದ್ದಲ್ಲ, ಹೊಗೆಯದ್ದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಘಟಕ ಶುರುವಾಯಿತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮಣ್ಣಿನದ್ದು, ಮೂರು ಪಾತ್ರೆ ಇಡುವಂಥದ್ದು, ಹೊಗೆ ಹೋಗಲು ಕೊಳವೆ ಇರುವಂಥದ್ದು. ಸೌದೆಯೂ ಕಡಿಮೆ ಸಾಕು. 1980ರ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2002ರಲ್ಲಿ ಅದು ನಿಲ್ಲುವಷ್ಟರಲ್ಲಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಲಾಗಿತ್ತು. ಅವುಗಳಲ್ಲಿ ಬಹಳಷ್ಟು ಬಳಕೆ ತಪ್ಪಿಹೋದವು. ಸಂಖ್ಯೆಯ ಗುರಿ ಮುಟ್ಟುವ ಅವಸರದಲ್ಲಿ ಕಟ್ಟಿದ್ದು, ಕೆಟ್ಟರೆ ರಿಪೇರಿಗೆ ಜನವಿಲ್ಲದ್ದು, ಮನೆಯವರ ಅಡುಗೆಗೆ ಒಗ್ಗದ್ದು ಹೀಗೆ ಕಾರಣಗಳು. ಒಲೆ ಬಂತು, ಆದರೆ ಅದರ ಮುಂದೆ ಕೂರುವವಳನ್ನು ಕೇಳುವುದು ಎಷ್ಟೋ ಕಡೆ ಬಿಟ್ಟುಹೋಯಿತು.

ಇಷ್ಟು ಓದಿದ ಮೇಲೆ ಒಂದು ಶನಿವಾರ ಊರಿಗೆ ಹೋಗಿ ಗ್ರಾಫ್ ಹಾಳೆ ಹಿಡಿದು ಅಡುಗೆಮನೆಯಲ್ಲಿ ಕೂತೆ. ಅಮ್ಮ ಹುಳಿ ಮಾಡುವಾಗ ಹೆಜ್ಜೆ ಎಣಿಸಿದೆ: 134. ಬೇಳೆ ಡಬ್ಬಿ ಒಂದು ಮೂಲೆ, ಮಿಕ್ಸಿ ಇನ್ನೊಂದು ಮೂಲೆ, ಹುಣಸೆಹಣ್ಣು ಹೊರಗಿನ ಬೀರುವಿನಲ್ಲಿ! ಡಬ್ಬಿಗಳಿಗೆ ಒಲೆಯ ಪಕ್ಕ ಎರಡು ಹಲಗೆ ಹೊಡೆದೆ, ಮಿಕ್ಸಿಗೆ ಹೊಸ ಪ್ಲಗ್ ಪಾಯಿಂಟ್ ಹಾಕಿಸಿದೆ (ಅದಕ್ಕೆ ಮಾತ್ರ ಎಲೆಕ್ಟ್ರಿಷಿಯನ್ ಬಂದ), ಗೋಡೆಗೆ ನಾನೇ ಪುಟ್ಟಿ ಹಚ್ಚಿ ಬಣ್ಣ ಬಳಿದೆ. ಹೆಜ್ಜೆ 60ಕ್ಕೆ ಇಳಿಯಿತು. ಗಿಲ್ಬ್ರೆತ್ ಅಲ್ಲದಿದ್ದರೂ ಪಾಸ್ ಮಾರ್ಕು.

ಆಮೇಲೆ ಕೊನೆಗೆ, ಮೊದಲೇ ಕೇಳಬೇಕಿದ್ದನ್ನು ಕೇಳಿದೆ. "ಅಮ್ಮಾ, ಭುಜ ನೋಯೋದು ಯಾವಾಗ?"

"ಸಾರು ತಿರುವೋವಾಗ ಕಣೋ. ಕಟ್ಟೆ ಎತ್ತರ. ಮೇಸ್ತ್ರಿ ಅವನ ಸೊಂಟಕ್ಕೆ ಅಳತೆ ಹಿಡಿದು ಕಟ್ಟಿಬಿಟ್ಟ."

ಕಟ್ಟೆ 34 ಇಂಚು, ಮೇಲೆ ಗ್ಯಾಸ್ ಒಲೆ, ಅದರ ಮೇಲೆ ಪಾತ್ರೆ. ಅಮ್ಮ ಇರುವುದು ನಾಲ್ಕು ಅಡಿ ಒಂಬತ್ತು ಇಂಚು. ಇಪ್ಪತ್ತೈದು ವರ್ಷ ಕೈ ಎತ್ತಿಕೊಂಡೇ ತಿರುವಿದ್ದಾರೆ. ನಾವೆಲ್ಲ ಕೂತು ಉಂಡಿದ್ದೇವೆ.

ಕಲ್ಲು ಒಡೆಸಲು ದುಡ್ಡಿರಲಿಲ್ಲ. ಬಡಗಿಯಿಂದ ನಾಲ್ಕು ಇಂಚು ಎತ್ತರದ ಗಟ್ಟಿ ಹಲಗೆ ಮಾಡಿಸಿದೆ, ಎಡವಬಾರದೆಂದು ಕಟ್ಟೆಯ ಉದ್ದಕ್ಕೂ. ಒಟ್ಟು ಖರ್ಚು 11,400 ರೂಪಾಯಿ. ಅಮ್ಮ ಅದರ ಮೇಲೆ ನಿಂತು ಸೌಟು ಆಡಿಸಿ ನೋಡಿ, "ಇದನ್ನ ಯಾವಾಗಲೋ ಮಾಡಬಹುದಿತ್ತಲ್ಲೋ" ಅಂದರು. ನೋವು ಪೂರ್ತಿ ಹೋಗಿಲ್ಲ, ಆದರೆ ಈಗ ರಾತ್ರಿ ನಿದ್ದೆ ಬರುತ್ತದಂತೆ.

ನಿಮ್ಮ ಮನೆಯ ಅಡುಗೆಕಟ್ಟೆ ಎಷ್ಟು ಎತ್ತರ ಇದೆ? ಯಾರ ಸೊಂಟದ ಅಳತೆಗೆ ಕಟ್ಟಿದ್ದು? ಇವತ್ತೇ ಟೇಪು ಹಿಡಿದು ನೋಡಿ. ಅದಕ್ಕೂ ಮೊದಲು ಅಲ್ಲಿ ನಿಲ್ಲುವವರನ್ನು ಒಂದು ಮಾತು ಕೇಳಿ.